ದೇವರಾಜ ಮಾರುಕಟ್ಟೆ: ಪಕ್ಕದಲ್ಲೇ ಮನೆ ಮಾಡುವವರಿಗೆ ಹೇಗಿದೆ?

ಮೈಸೂರಿನ ದೇವರಾಜ ಮಾರುಕಟ್ಟೆ ಬಗ್ಗೆ ಆನ್‌ಲೈನಲ್ಲಿ ಸಿಗುವ ರಿವ್ಯೂಗಳಲ್ಲಿ ಹೆಚ್ಚಿನವು ಪ್ರವಾಸಕ್ಕೆ ಬಂದವರದ್ದು. ಕುಂಕುಮದ ರಾಶಿ, ಹೂವಿನ ಸಾಲು, ಒಂದಷ್ಟು ಫೋಟೋ, ಅಷ್ಟೇ. ನಾವು ಊರಾಚೆಯ ಬಡಾವಣೆ ಬಿಟ್ಟು ಶಿವರಾಂಪೇಟೆಯ ಹಳೇ ಮನೆಯೊಂದಕ್ಕೆ ಬಾಡಿಗೆಗೆ ಬಂದವರು. ನಮಗೆ ಇದು ದಿನದ ತರಕಾರಿ ಅಂಗಡಿ. ಹಳೇ ಮೈಸೂರಿನೊಳಗೆ ಮನೆ ಹುಡುಕುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಸೊಪ್ಪು ತರಕಾರಿ. ಬೆಳಿಗ್ಗೆ ಬೇಗ ಹೋದರೆ ಸೊಪ್ಪಿನ ಕಟ್ಟು ಇನ್ನೂ ಒದ್ದೆಯಾಗಿರುತ್ತದೆ, ಬೇರಿನಲ್ಲಿ ಮಣ್ಣಿರುತ್ತದೆ. ದಂಟು, ಸಬ್ಬಸಿಗೆ, ಕೀರೆ, ಬಸಳೆ, ಯಾವುದು ಬೇಕಾದರೂ ಸಿಗುತ್ತದೆ. ಅವರೆಕಾಯಿ ಕಾಲದಲ್ಲಂತೂ ಸಾಲಿಗೆ ಸಾಲೇ ಸೊಗಡಿನ ವಾಸನೆ. ಬಡಾವಣೆಯಲ್ಲಿದ್ದಾಗ ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿ ಫ್ರಿಜ್ ತುಂಬಿಸುತ್ತಿದ್ದೆವು. ಈಗ ಅಂದಂದಿನದು ಅಂದಂದೇ ತರುತ್ತೇವೆ, ಅಡುಗೆಯ ರುಚಿಯೇ ಬೇರೆ ಆಗಿದೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಬಾಳೆಹಣ್ಣಿನ ಸಾಲು. ನಾನು ಯಾವಾಗಲೂ ಹೋಗುವ ಅಂಗಡಿಯ ಅಜ್ಜ ಹಣ್ಣು ಕೊಡುವ ಮೊದಲು ಕೇಳುವುದು ಒಂದೇ ಪ್ರಶ್ನೆ, "ಇವತ್ತಿಗಾ, ನಾಳಿದ್ದಿಗಾ?" ಇವತ್ತಿಗೆ ಅಂದರೆ ಒಂದು ಚಿಪ್ಪು, ನಾಳಿದ್ದಿಗೆ ಅಂದರೆ ಇನ್ನೊಂದು. ನಂಜನಗೂಡು ರಸಬಾಳೆ ಇದ್ದರೆ ಅದನ್ನು ಬೇರೆಯೇ ಇಟ್ಟಿರುತ್ತಾರೆ. ಅದರ ಸಿಪ್ಪೆ ಕಪ್ಪಾಗುತ್ತಾ ಬಂದಷ್ಟೂ ಒಳಗಿನ ಹಣ್ಣು ಸಿಹಿ, ಅದು ಗೊತ್ತಿಲ್ಲದವರು ಕೊಳೆತಿದೆ ಅಂದುಕೊಂಡು ಬಿಟ್ಟು ಹೋಗುತ್ತಾರೆ. ಪನಾಮ ಸೊರಗು ರೋಗ ಬಂದು ರಸಬಾಳೆ ತೋಟಗಳು ಬಹಳ ಕಡಿಮೆಯಾಗಿವೆ, ಹಾಗಾಗಿ ನಿಜವಾದ ಹಣ್ಣು ಸಿಗುವುದೇ ಅಪರೂಪ. ಏಲಕ್ಕಿ ಬಾಳೆಯನ್ನೇ ರಸಬಾಳೆ ಅಂತ ಹೇಳಿ ಜಾಸ್ತಿ ದುಡ್ಡು ತೆಗೆದುಕೊಂಡವರೂ ಇದೇ ಮಾರುಕಟ್ಟೆಯಲ್ಲಿ ನಮಗೆ ಸಿಕ್ಕಿದ್ದಾರೆ. ಒಂದು ಹಣ್ಣು ಸುಲಿದು ತಿಂದು ನೋಡಿ ಆಮೇಲೆ ಕೊಳ್ಳಿ. ಯಾರೂ ಬೇಡ ಅನ್ನಲ್ಲ.

ಹೂವಿನ ಕಡೆ ಮೊಳದ ಲೆಕ್ಕ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಬಾಳೆನಾರು ಕತ್ತರಿಸಿ, ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಮೈಸೂರು ಮಲ್ಲಿಗೆ ಬೇಕಿದ್ದರೆ ಬೇಸಿಗೆಯಲ್ಲಿ ಬನ್ನಿ. ವೀಳ್ಯದೆಲೆಗೂ ಇಲ್ಲಿಗೇ ಬರಬೇಕು. ಈ ಮಲ್ಲಿಗೆ, ಈ ಎಲೆ, ಆ ರಸಬಾಳೆ, ಮೂರಕ್ಕೂ ಜಿಐ ಟ್ಯಾಗ್ (ಇಂಥ ಊರಿನದ್ದೇ ಬೆಳೆ ಅನ್ನುವ ಸರ್ಕಾರದ ಗುರುತು) ಇದೆ, ಮೂರೂ ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ ಸಿಗುತ್ತವೆ. ಇದಕ್ಕಿಂತ ಇನ್ನೇನು ಬೇಕು ಅಲ್ವಾ?

ಕಷ್ಟಗಳೂ ಇವೆ, ಮುಚ್ಚಿಡಲ್ಲ. ಕಾರು ನಂಬಿಕೊಂಡು ಈ ಕಡೆ ಮನೆ ಮಾಡಬೇಡಿ. ಸಯ್ಯಾಜಿರಾವ್ ರಸ್ತೆಯಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ನಡೆದು ಹೋಗಿ ವಾಪಸ್ ಬಂದಿರಬಹುದು. ನಮ್ಮ ಸಾಮಾನು ತಂದ ಲಾರಿ ಗಲ್ಲಿಯೊಳಗೆ ನುಗ್ಗಲೇ ಇಲ್ಲ, ಬೀರು ಮಂಚ ಎಲ್ಲಾ ರಸ್ತೆ ತುದಿಯಿಂದ ಕೈಗಾಡಿಯಲ್ಲಿ ಬಂತು, ಅದಕ್ಕೆ ಸಾಗಣೆಯವರು ಬೇರೆ ದುಡ್ಡು ಕೇಳಿದರು. ಮೊದಲೇ ಮಾತಾಡಿಕೊಳ್ಳಿ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು, ಅದನ್ನು ನೋಡಲು ಬರುವ ಜನದಿಂದ ಕೆ.ಆರ್. ಸರ್ಕಲ್ ಸುತ್ತ ಕಾಲಿಡಲೂ ಜಾಗ ಇರುವುದಿಲ್ಲ. ದಸರಾದಲ್ಲಿ ಕೇಳಲೇಬೇಡಿ. ಜಂಬೂಸವಾರಿ ಹೋಗುವುದೇ ಮಾರುಕಟ್ಟೆ ಮುಂದೆ, ಬನ್ನಿಮಂಟಪದ ಕಡೆಗೆ. ಅವತ್ತು ಮನೆಯಿಂದ ಹೊರಗೆ ಗಾಡಿ ತೆಗೆಯುವ ಮಾತೇ ಇಲ್ಲ. ಮನೆ ತುಂಬಾ ನೆಂಟರು ಇರುತ್ತಾರೆ, ಅದು ನಮಗೆ ಸಂತೋಷವೇ.

ಮನೆಯ ಬಗ್ಗೆ ಎರಡು ಮಾತು. ಮದ್ರಾಸ್ ತಾರಸಿ, ಅಂದರೆ ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಹಳೇ ಚಾವಣಿ ಇದ್ದರೆ ಏಪ್ರಿಲ್‌ನಲ್ಲೂ ಫ್ಯಾನ್ ಸಾಕು. ಮಳೆ ಬಂದಾಗ ಸೋರಿದರೆ ರಿಪೇರಿ ಯಾರದ್ದು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಗಾರೆಯ ಗೋಡೆಗೆ ಮೊಳೆ ಸರಿಯಾಗಿ ನಿಲ್ಲುವುದಿಲ್ಲ.

ಮಾರುಕಟ್ಟೆಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕಟ್ಟಡದ ಸ್ಥಿತಿಗೆ. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ಮಾರುಕಟ್ಟೆಯದ್ದೇ ಧನ್ವಂತ್ರಿ ರಸ್ತೆ ಕಡೆಯ ಭಾಗ ಬಿತ್ತು. ಆಮೇಲೆ ಕೆಡವಬೇಕಾ, ಉಳಿಸಬೇಕಾ ಅನ್ನುವ ಜಗಳ ಕೋರ್ಟಿನವರೆಗೂ ಹೋಯಿತು. ದಿನಾ ಆ ಚಾವಣಿ ಕೆಳಗೆ ಕೂತು ವ್ಯಾಪಾರ ಮಾಡುವವರಿಗೆ ಭಯ ಇಲ್ಲದೆ ಇರುತ್ತದೆಯೇ? ಕಟ್ಟಡ ಗಟ್ಟಿಯಾಗಬೇಕು, ಹಳೇ ರೂಪದಲ್ಲೇ ಗಟ್ಟಿಯಾಗಬೇಕು, ಅಲ್ಲಿರುವ ವ್ಯಾಪಾರಿಗಳು ಅಲ್ಲೇ ಇರಬೇಕು. ಸುಮ್ನೆ ಹೊಸ ಕಾಂಪ್ಲೆಕ್ಸ್ ಎಬ್ಬಿಸಿ ಬಾಡಿಗೆ ಏರಿಸಿದರೆ ಮೊದಲು ಹೋಗುವುದು ಬುಟ್ಟಿಯಲ್ಲಿ ನಾಲ್ಕು ಕಟ್ಟು ಸೊಪ್ಪು ಇಟ್ಟುಕೊಂಡು ಕೂರುವವರು.

ಹೊಸದಾಗಿ ಬರುವವರು ಚಿಕ್ಕ ಗಡಿಯಾರ ಅಂತ ಕರೆಯುವ ಗಡಿಯಾರ ಗೋಪುರದ ಕಡೆಯಿಂದ ಒಳಗೆ ಹೋಗಿ. ಬಟ್ಟೆ ಚೀಲ, ಚಿಲ್ಲರೆ ಜೊತೆಗಿರಲಿ. ಮೊದಲ ದಿನ ಏನೂ ಕೊಳ್ಳದೆ ಎಲ್ಲಾ ಸಾಲನ್ನೂ ಒಮ್ಮೆ ಸುತ್ತಿ ಬೆಲೆ ಕೇಳಿಕೊಳ್ಳಿ. ಮುಖಪರಿಚಯ ಆದ ಮೇಲೆ ಕೊತ್ತಂಬರಿ, ಕರಿಬೇವು ತಾವಾಗೇ ಚೀಲಕ್ಕೆ ಬೀಳುತ್ತವೆ.