ನಿಂಬೆಯ ಸಿಲ್ಲಾ ಹುಳಕ್ಕೆ ಮೂರು ಮದ್ದು: ನನ್ನ ಓಟು ಬೇವಿನೆಣ್ಣೆಗೆ

ಹಳದಿ ಅಂಟುಹಾಳೆ, ಅಂಗಡಿಯ ಮದ್ದು, ಬೇವಿನೆಣ್ಣೆ ಮೂರನ್ನೂ ನೋಡಿಯಾಯಿತು. ಇನ್ನು ಮುಂದೆ ಬೇವಿನೆಣ್ಣೆ ಬಿಟ್ಟು ಬೇರೆ ತರುವುದಿಲ್ಲ. ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ಬಾವಿಕಟ್ಟೆಯ ಪಕ್ಕ ನಾಲ್ಕೈದು ನಿಂಬೆ ಗಿಡ, ಉಪ್ಪಿನಕಾಯಿಗೆ ಸಾಕಾಗುವಷ್ಟು. ನೂರಾರು ಗಿಡ ಇದ್ದವರಿಗೆ ನನ್ನ ಲೆಕ್ಕ ಹೊಂದಲಿಕ್ಕಿಲ್ಲ.

ಸಿಲ್ಲಾ ಅಂದರೆ 3-4 ಮಿಲಿಮೀಟರ್ ಉದ್ದದ ಕಂದು ಹುಳ. ತಲೆ ತಗ್ಗಿಸಿ, ಹಿಂಭಾಗ ಎತ್ತಿ ಚಿಗುರಿನ ಮೇಲೆ ಓರೆಯಾಗಿ ಕೂರುತ್ತದೆ. ಮರಿಗಳು ಎಳೆ ಎಲೆಯ ಸಂದಿಯಲ್ಲಿ ರಸ ಹೀರುತ್ತಾ ಬಿಳಿ ಮೇಣದ ಎಳೆ ಬಿಡುತ್ತವೆ. ಚಿಗುರು ಮುರುಟುವುದು ಸಣ್ಣ ವಿಷಯ. ಇದು ಹಬ್ಬಿಸುವ ಗ್ರೀನಿಂಗ್ ರೋಗ ಬಂದರೆ ಗಿಡ ಹೋದ ಹಾಗೇ, ಅದಕ್ಕೆ ಮದ್ದಿಲ್ಲ. ನಮ್ಮ ಏಷ್ಯಾದ ಈ ಹುಳ 1998ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು, 2005ರಲ್ಲಿ ರೋಗವೂ ಪತ್ತೆಯಾಯಿತು. ಅಲ್ಲಿನ ಕಿತ್ತಳೆ ತೋಟಗಳು ನೆಲಕಚ್ಚಿದವು.

ಹಳದಿ ಹಾಳೆ ತೂಗುಹಾಕುವುದು ಸುಲಭ, ವಿಷವೂ ಇಲ್ಲ. ಆದರೆ ಅಂಟುವುದು ಹಾರುವ ಹುಳ ಮಾತ್ರ. ಮರಿಗೆ ರೆಕ್ಕೆಯೇ ಇಲ್ಲ, ಅದು ಚಿಗುರಲ್ಲಿ ಆರಾಮವಾಗಿರುತ್ತದೆ. ಮೇಲಿಂದ ನಮ್ಮ ಮುಜಂಟಿ ಜೇನುಗಳೂ ಅಂಟಿಕೊಂಡವು. ಅದನ್ನು ನೋಡಿದ ಮೇಲೆ ಹಾಳೆ ಬಿಚ್ಚಿಟ್ಟೆ. ಹುಳ ಬಂದಿದೆಯೋ ಇಲ್ಲವೋ ತಿಳಿಯಲು ಒಂದು ಹಾಳೆ ಸಾಕು.

ಅಂಗಡಿಯವರು ಕೊಡುವುದು ಇಮಿಡಾಕ್ಲೋಪ್ರಿಡ್ ಎಂಬ ರಾಸಾಯನಿಕ ಕೀಟನಾಶಕ. ಕೆಲಸ ಮಾಡುತ್ತದೆ, ಬೇಗವೂ ಮಾಡುತ್ತದೆ. ಹೂ ಬಿಟ್ಟಾಗ ಹೊಡೆದರೆ ಜೇನಿಗೆ ಕುತ್ತು. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಸುರಿದ ಜಿಲ್ಲೆ ಇದು. ಬಾವಿಯ ಹತ್ತಿರ ವಿಷದ ಬಾಟಲಿ ತೆರೆಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಅದೂ ಇರಲಿ, ನನಗೆ ನಿಜವಾದ ತೊಡಕು ಕರಿಬೇವು. ಸಿಲ್ಲಾ ನಿಂಬೆಯ ಹಾಗೆಯೇ ಕರಿಬೇವಿನ ಚಿಗುರಲ್ಲೂ ಮರಿ ಮಾಡುತ್ತದೆ. ನಿಂಬೆಗೆ ಮಾತ್ರ ಹೊಡೆದರೆ ಪಕ್ಕದ ಕರಿಬೇವಿನಿಂದ ಮತ್ತೆ ಬರುತ್ತದೆ. ಬೆಳಿಗ್ಗೆ ಒಗ್ಗರಣೆಗೆ ಕೀಳುವ ಎಲೆಗೆ ಆ ಮದ್ದು ಬಿಡಲು ಆಗುತ್ತದಾ? ಬೇವಿನೆಣ್ಣೆಯಾದರೆ ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಹಾಕಬಹುದು.

ಹಾಗಂತ ಬೇವಿನೆಣ್ಣೆ ಸತಾಯಿಸದೆ ಇಲ್ಲ. ಲೀಟರಿಗೆ 5 ಮಿಲಿ ಎಣ್ಣೆ. ನೀರಲ್ಲಿ ಬೆರೆಯಬೇಕಾದರೆ ಸೋಪು ಬೇಕು. ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ಪಂಪಿಗೇ ಇದನ್ನೂ ಸುರಿದರೆ ಕತೆ ಮುಗಿಯಿತು. ತಳದಲ್ಲಿ ಉಳಿದ ಸುಣ್ಣ ಸೋಪಿಗೆ ಸೇರಿ, ಹಾಲು ಒಡೆದ ಹಾಗೆ ಬಿಳಿ ಗಸಿ ಕಟ್ಟುತ್ತದೆ. ಎಣ್ಣೆ ಬೇರೆಯಾಗಿ ಮೇಲೆ ತೇಲುತ್ತದೆ. ನಾಜಲಿನಿಂದ ಒಂದು ಹನಿ, ಆಮೇಲೆ ಬರೀ ಗಾಳಿ. ನಾಜಲು ಬಿಚ್ಚಿ, ತೆಂಗಿನ ಗರಿಯ ಕಡ್ಡಿಯಲ್ಲಿ ಚುಚ್ಚಿ, ಹಾಕಿದರೆ ಮತ್ತೆ ಅದೇ. ಕೈಯೆಲ್ಲ ಎಣ್ಣೆ, ತಿರುಪು ಜಾರುತ್ತದೆ, ಆ ವಾಸನೆ ಊಟದ ಹೊತ್ತಿಗೂ ಹೋಗುವುದಿಲ್ಲ.

ಈಗ ಇದಕ್ಕೆಂದೇ ಬೇರೆ ಸಣ್ಣ ಕೈಪಂಪು. ಸೋಪನ್ನು ಮೊದಲು ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಅದಕ್ಕೆ ಎಣ್ಣೆ ಹಾಕಿ ಬಿಳಿಯಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು. ಹಳೇ ಪಂಚೆಯಲ್ಲಿ ಸೋಸಿ ಹಾಕುತ್ತೇನೆ. ಕಲಸಿದ್ದನ್ನು ಆವತ್ತೇ ಮುಗಿಸಬೇಕು.

ಹೊಡೆಯುವುದು ಸಂಜೆ, ಬಿಸಿಲಿಗೆ ಅದರ ಸತ್ವ ಹೋಗುತ್ತದೆ. ಮಳೆ ಬಂದರೆ ಮತ್ತೆ ಹೊಡೆಯಬೇಕು. ಹುಳ ತಕ್ಷಣ ಸಾಯುವುದಿಲ್ಲ, ಮರಿ ಪೊರೆ ಕಳಚಲಾಗದೆ ನಿಧಾನಕ್ಕೆ ಹೋಗುತ್ತದೆ. ಚಿಗುರು ಒಡೆಯುವಾಗಲೇ ಹಿಡಿದರೆ ಮಾತ್ರ ಫಲ, ಎಲೆ ಬಲಿತ ಮೇಲೆ ಹೊಡೆಯುವುದು ಸುಮ್ನೆ ದಂಡ.

ಖರ್ಚಿನಲ್ಲೂ ನನಗೆ ಇದೇ ಸರಿ. ಉಳಿದ ಎಣ್ಣೆ ಬದನೆಗೂ ಬೆಂಡೆಗೂ ಆಗುತ್ತದೆ, ಬಾಟಲಿ ಯಾವತ್ತೂ ಹಾಳಾಗಿ ಬಿದ್ದಿಲ್ಲ.