ವಿದ್ಯಾರ್ಥಿಗಳ ಕೋಡ್ ಪರಿಶೀಲನೆಗೆ ಪೈಥಾನ್‌ನ ಎಎಸ್‌ಟಿ ಮಾಡ್ಯೂಲ್

ಸಾರ್ಟಿಂಗ್ ಅಲ್ಗಾರಿದಮ್ (ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ವಿಧಾನ) ಅನ್ನು ಸ್ವತಃ ಬರೆಯಬೇಕಾದ ವಿದ್ಯಾರ್ಥಿ ಸಿದ್ಧವಾಗಿರುವ ಸಾರ್ಟೆಡ್ ಫಂಕ್ಷನ್ ಬಳಸಿ ಕೆಲಸ ಮುಗಿಸಿದರೂ, ಔಟ್‌ಪುಟ್ ಮಾತ್ರ ನೋಡುವ ಟೆಸ್ಟ್‌ಗಳು ಪೂರ್ಣ ಅಂಕ ಕೊಟ್ಟುಬಿಡುತ್ತವೆ. ಈ ಕೊರತೆಯನ್ನು ನೀಗಿಸಲು ಪೈಥಾನ್‌ನೊಂದಿಗೇ ಬರುವ ಎಎಸ್‌ಟಿ (ಅಬ್‌ಸ್ಟ್ರಾಕ್ಟ್ ಸಿಂಟ್ಯಾಕ್ಸ್ ಟ್ರೀ) ಮಾಡ್ಯೂಲ್, ಅಂದರೆ ಕೋಡಿನ ರಚನೆಯನ್ನು ವೃಕ್ಷವಾಗಿ ಬಿಡಿಸಿಡುವ ಭಾಗ, ನಿಜಕ್ಕೂ ಯೋಗ್ಯವಾದ ಸಾಧನ.

ಬರೀ ಹೆಸರನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಅಕ್ಷರಗಳ ಮಾದರಿಯನ್ನು ಹುಡುಕುವ ಸೂತ್ರ), ‘ಸಾರ್ಟೆಡ್ ಬಳಸಿಲ್ಲ’ ಎಂದು ವಿದ್ಯಾರ್ಥಿ ಕೋಡಿನೊಳಗೆ ಪ್ರಾಮಾಣಿಕವಾಗಿ ಬರೆದ ಕಾಮೆಂಟನ್ನೂ (ಓಡದ ಟಿಪ್ಪಣಿಯನ್ನೂ) ತಪ್ಪೆಂದು ಹಿಡಿಯುತ್ತದೆ. ಎಎಸ್‌ಟಿ ಕಟ್ಟುವ ವಾಕ್ಯರಚನೆಯ ವೃಕ್ಷದಲ್ಲಿ ಕಾಮೆಂಟ್‌ಗಳೇ ಇರುವುದಿಲ್ಲ. ಪ್ರತಿಯೊಂದು ಫಂಕ್ಷನ್ ಕರೆಯೂ ‘ಕಾಲ್’ ಎಂಬ ನೋಡ್ (ವೃಕ್ಷದ ಒಂದು ಘಟಕ) ಆಗಿ, ಸಾಲಿನ ಸಂಖ್ಯೆಯ ಸಮೇತ ಸಿಗುತ್ತದೆ. ನೇರ ಹೆಸರಿನ ಕರೆಯಾದರೆ ಅದರೊಳಗೆ ‘ನೇಮ್’, ಚುಕ್ಕಿಯಿಟ್ಟು ಕರೆದ ಮೆಥಡ್ ಆದರೆ ‘ಆಟ್ರಿಬ್ಯೂಟ್’ ಇರುತ್ತದೆ. ಕೋಡನ್ನು ಓಡಿಸದೆಯೇ ಇದೆಲ್ಲ ನಡೆಯುವುದರಿಂದ ಕೊನೆಯಿಲ್ಲದ ಲೂಪ್‌ಗಳ ಭಯವಿಲ್ಲ.

ಮಿತಿಗಳೂ ಸಣ್ಣವಲ್ಲ. ಸಾರ್ಟೆಡ್ ಅನ್ನು ಮೊದಲು ‘ಎಫ್’ ಎಂಬ ವೇರಿಯಬಲ್‌ಗೆ ಹಾಕಿ ಆಮೇಲೆ ‘ಎಫ್’ ಎಂದೇ ಕರೆದರೆ ಕಾಲ್ ನೋಡ್‌ನಲ್ಲಿ ಕಾಣುವುದು ‘ಎಫ್’ ಮಾತ್ರ. ಆದ್ದರಿಂದ ಕರೆಗಳನ್ನಷ್ಟೇ ಅಲ್ಲದೆ ಸಾರ್ಟೆಡ್ ಎಂಬ ಹೆಸರಿನ ಎಲ್ಲ ಉಲ್ಲೇಖಗಳನ್ನೂ ನೋಡುವುದು ಒಳ್ಳೆಯದು. ಸ್ಟ್ರಿಂಗನ್ನು (ಪಠ್ಯವನ್ನು) ಕೋಡ್ ಆಗಿ ಓಡಿಸುವ ಇವ್ಯಾಲ್ ಫಂಕ್ಷನ್‌ಗೆ ಸ್ಟ್ರಿಂಗ್ ಆಗಿ ಕೊಟ್ಟ ಕೋಡ್ ಈ ಪರಿಶೀಲನೆಯ ಕಣ್ಣಿಗೆ ಬೀಳುವುದಿಲ್ಲ. ವಿದ್ಯಾರ್ಥಿ ತನ್ನದೇ ಕ್ಲಾಸಿನಲ್ಲಿ ಬರೆದ ಸಾರ್ಟ್ ಮೆಥಡ್‌ಗೂ ಲಿಸ್ಟ್‌ನ ಸಾರ್ಟ್‌ಗೂ ಇರುವ ವ್ಯತ್ಯಾಸ ವೃಕ್ಷದಿಂದ ತಿಳಿಯದ ಕಾರಣ, ಇಂಥ ಕಡೆ ಅಂಕವನ್ನು ತಾನಾಗಿ ಕಳೆಯದೆ ಶಿಕ್ಷಕರ ಗಮನಕ್ಕೆ ತರುವಂತೆ ಪರಿಶೀಲನೆಯನ್ನು ಬರೆಯುವುದೇ ನ್ಯಾಯ.