ಸೈಕಲ್‌ನವರಿಗೆ ಪೊಂಚೊ: ಎರಡು ಮಳೆಗಾಲ ಹಾಕಿಕೊಂಡ ಮೇಲೆ

ಎಚ್‌ಎಸ್‌ಆರ್ ಲೇಔಟ್‌ನಿಂದ ಮಾರತ್‌ಹಳ್ಳಿಗೆ ದಿನಾ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 10 ಕಿಲೋಮೀಟರ್. ಅಗರ, ಇಬ್ಬಲೂರು, ಬೆಳ್ಳಂದೂರು ದಾಟಿ, ಔಟರ್ ರಿಂಗ್ ರೋಡಿನ ಸರ್ವಿಸ್ ರಸ್ತೆಯಲ್ಲೇ. ಮಳೆ ಬಂದರೆ ಈ ದಾರಿ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮೊದಲು ಮೂರು ವರ್ಷ ಬೈಕಿನವರು ಹಾಕುವ ಕೋಟು-ಪ್ಯಾಂಟಿನ ರೇನ್‌ಕೋಟನ್ನೇ ಹಾಕಿದೆ. ಮಳೆ ಒಳಗೆ ಬರುತ್ತಿರಲಿಲ್ಲ, ನಿಜ. ಆದರೆ ಪೆಡಲ್ ತುಳಿದು ಬರುವ ಬೆವರು ಹೊರಗೂ ಹೋಗುತ್ತಿರಲಿಲ್ಲ. ಬೆಳ್ಳಂದೂರು ಮುಟ್ಟುವಷ್ಟರಲ್ಲಿ ಅಂಗಿ ಹಿಂಡುವ ಹಾಗಾಗಿರುತ್ತಿತ್ತು. ಹೇಗಿದ್ದರೂ ನೆನೆಯುವುದಾದರೆ ರೇನ್‌ಕೋಟ್ ಯಾಕೆ ಬೇಕು, ಅಲ್ವಾ?

2024ರ ಮಳೆಗಾಲಕ್ಕೆ ಮುಂಚೆ 1,400 ರೂಪಾಯಿ ಕೊಟ್ಟು ಸೈಕಲ್‌ಗೆಂದೇ ಮಾಡಿದ ಪೊಂಚೊ ತಂದೆ, ಅಂದರೆ ತೋಳಿಲ್ಲದೆ ಕಂಬಳಿ ಹಾಗೆ ಹೊದೆಯುವ ರೇನ್‌ಕೋಟ್. ಹಳದಿ ಬಣ್ಣ. ತಲೆಯಿಂದ ಇಳಿಬಿಟ್ಟು, ಮುಂದಿನ ಅಂಚನ್ನು ಹ್ಯಾಂಡಲ್ ಮೇಲೆ ಹರಡಿ, ಒಳಗಿರುವ ಎರಡು ಕುಣಿಕೆಗೆ ಹೆಬ್ಬೆರಳು ಸಿಗಿಸಿಕೊಳ್ಳಬೇಕು. ಹಿಂದುಗಡೆ ಹಾರಾಡದ ಹಾಗೆ ಸೊಂಟಕ್ಕೆ ಕಟ್ಟಲು ಒಂದು ದಾರ ಇದೆ. ಅಷ್ಟೇ. ಕೆಳಗೆ ಪೂರ್ತಿ ತೆರೆದಿರುವುದರಿಂದ ಗಾಳಿ ಆಡುತ್ತದೆ, ಬೆನ್ನಿಗೆ ಬಟ್ಟೆ ಅಂಟುವುದಿಲ್ಲ. ಆಫೀಸಿಗೆ ಹೋಗಿ ಅಂಗಿ ಬದಲಾಯಿಸುವ ಕೆಲಸ ಮುಕ್ಕಾಲು ಪಾಲು ದಿನ ತಪ್ಪಿದೆ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅಂತ ನನಗನ್ನಿಸುತ್ತದೆ.

ಆದರೆ ಮಡ್‌ಗಾರ್ಡ್ ಇಲ್ಲದ ಸೈಕಲ್‌ಗೆ ಪೊಂಚೊ ತರಲೇಬೇಡಿ, ಸುಮ್ನೆ ದುಡ್ಡು ದಂಡ. ಮೇಲಿಂದ ಬೀಳುವ ಮಳೆಗಿಂತ ಚಕ್ರದಿಂದ ಮೇಲಕ್ಕೆ ಎಗರುವ ನೀರೇ ಜಾಸ್ತಿ ನೆನೆಸುತ್ತದೆ, ಅದೂ ಮೋರಿ ನೀರು ಬೆರೆತದ್ದು. ಪೊಂಚೊ ಕೆಳಗೆ ತೆರೆದಿದೆಯಲ್ಲ, ಅದು ಸೀದಾ ಒಳಗೇ ಬರುತ್ತದೆ. ನಮ್ಮ ಅಪ್ಪನ ಕಾಲದ ಸೈಕಲ್‌ಗಳಿಗೆ ಉದ್ದದ ಸ್ಟೀಲ್ ಮಡ್‌ಗಾರ್ಡೂ ಚೈನ್ ಮೇಲೆ ಕವರೂ ಇರುತ್ತಿದ್ದವು. ಈಗಿನ ಗೇರ್ ಸೈಕಲ್‌ಗಳಲ್ಲಿ ಎಷ್ಟೋ ಎರಡೂ ಇಲ್ಲದೆಯೇ ಬರುತ್ತವೆ. ನಾನು ಪ್ಲಾಸ್ಟಿಕ್‌ನ ಉದ್ದದ ಮಡ್‌ಗಾರ್ಡ್ ಹಾಕಿಸಿದೆ. ಪಂಕ್ಚರ್ ಅಂಗಡಿಯವರು ಹಳೇ ಟ್ಯೂಬ್ ಕತ್ತರಿಸಿ ಮುಂದಿನದರ ತುದಿಗೆ ಒಂದು ಫ್ಲಾಪ್ ಬಿಗಿದುಕೊಟ್ಟರು, ನೆಲಕ್ಕೆ ನಾಲ್ಕು ಬೆರಳು ಎತ್ತರದವರೆಗೆ. ಶೂ ಒಣಗಿರುವುದು ಆ ಫ್ಲಾಪಿನಿಂದಲೇ.

ಗಾಳಿಯಲ್ಲಿ ಮಾತ್ರ ಪೊಂಚೊ ಕಷ್ಟ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆ ಗುಡುಗು, ಗಾಳಿ ಎರಡನ್ನೂ ಹೊತ್ತು ಬರುತ್ತದಲ್ಲ, ಆಗ ಪಕ್ಕದಿಂದ ಗಾಳಿ ಹೊಡೆದರೆ ಪೊಂಚೊ ಉಬ್ಬಿ ಸೈಕಲ್ಲನ್ನೇ ಬಸ್ಸಿನ ಕಡೆ ತಳ್ಳುತ್ತದೆ. ಎರಡು ಸಲ ಹಾಗಾಗಿ ನಿಜಕ್ಕೂ ಹೆದರಿದ್ದೇನೆ. ಈಗ ಅಂಥ ಮಳೆಗೆ ಎಲ್ಲಾದರೂ ಅಂಗಡಿ ಕೆಳಗೆ ನಿಂತುಬಿಡುತ್ತೇನೆ.

ಇನ್ನು ನೀರು ನಿಂತಾಗ. 2022ರ ಸೆಪ್ಟೆಂಬರ್ 4ರ ರಾತ್ರಿ 131.6 ಮಿಲಿಮೀಟರ್ ಮಳೆ ಸುರಿದು ಇದೇ ಬೆಳ್ಳಂದೂರಿನ ಕಡೆ ಜನ ಟ್ರಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ವಾರ ನಾನು ರೇನ್‌ಕೋಟ್ ಹಾಕಿಕೊಂಡು ನೀರಿಗೆ ಸೈಕಲ್ ಇಳಿಸಿದ್ದೆ. ಚಕ್ರದ ನಡುವಿನ ಹಬ್ ಮುಳುಗಿತು. ಆಮೇಲೆ ಬಿಚ್ಚಿಸಿದರೆ ಬೇರಿಂಗ್‌ನಲ್ಲಿ ಗ್ರೀಸ್ ಬದಲು ಕಂದು ಬಣ್ಣದ ಕೆಸರು! ಸೀಟಿನ ಕಂಬಿ ಎಳೆದು ಸೈಕಲ್ ತಲೆಕೆಳಗು ಮಾಡಿದಾಗ ಫ್ರೇಮಿನಿಂದಲೂ ನೀರು ಸುರಿಯಿತು. ಪೊಂಚೊ ಹಾಕಿದ್ದರೆ ಇನ್ನೊಂದು ತೊಂದರೆ ಇದೆ: ಕೆಳಗಿನ ನೆಲ ಕಾಣುವುದೇ ಇಲ್ಲ. ತೆರೆದ ಮ್ಯಾನ್‌ಹೋಲ್ ಎಲ್ಲಿದೆಯೋ, ಫುಟ್‌ಪಾತ್ ಕಲ್ಲು ಎಲ್ಲಿ ಎದ್ದಿದೆಯೋ. 2025ರ ಮೇ ತಿಂಗಳ ಮಳೆಗೆ ಸಿಲ್ಕ್ ಬೋರ್ಡ್ ಸುತ್ತ ನೀರು ನಿಂತಾಗ ಪೊಂಚೊ ಬಿಚ್ಚಿ ಮಡಚಿಟ್ಟು, ಇಳಿದು, ಬಂದ ದಾರಿಯಲ್ಲೇ ತಳ್ಳಿಕೊಂಡು ವಾಪಸ್ ಹೋದೆ. ಕಾಲಿಗೆ ಗಾಯ ಇದ್ದರಂತೂ ಆ ನೀರಿಗೆ ಇಳಿಯಲೇಬೇಡಿ, ಇಲಿ ಜ್ವರ ಹರಡುವುದು ಹಾಗೆಯೇ.

ಬಾಳಿಕೆ ಬಗ್ಗೆ ನನಗೆ ಸಿಟ್ಟಿದೆ. ಎಂಟೇ ತಿಂಗಳಿಗೆ ಭುಜದ ಹೊಲಿಗೆ ಮೇಲಿನ ಟೇಪ್ ಎದ್ದು ನೀರು ಇಳಿಯತೊಡಗಿತು. ಕಂಪನಿಗೆ ಫೋಟೋ ಸಮೇತ ಮೂರು ಸಲ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಕೊನೆಗೆ ಟೆಂಟಿನ ಹೊಲಿಗೆಗೆ ಹಚ್ಚುವ ಸೀಮ್ ಸೀಲರ್ ಅಂಟು ತಂದು ನಾನೇ ಹಚ್ಚಿದೆ, ಅದು ಇನ್ನೂ ನಿಂತಿದೆ. ಒದ್ದೆಯಾಗಿದ್ದಾಗ ಮಡಚಿ ಬ್ಯಾಗಿಗೆ ಹಾಕಬೇಡಿ, ನೆರಳಲ್ಲಿ ಒಣಗಿಸಿ.

ಎರಡನೇ ಮಳೆಗಾಲಕ್ಕೆ ಇನ್ನೊಂದು ಪೊಂಚೊ ತಂದು ನಮ್ಮ ಆಫೀಸಿನ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣನಿಗೆ ಕೊಟ್ಟೆ. ಅವರು ವರ್ತೂರಿನಿಂದ ಹಳೇ ಸೈಕಲ್‌ನಲ್ಲಿ ಬರುತ್ತಾರೆ, ಅಲ್ಲಿಯವರೆಗೆ ಗೊಬ್ಬರದ ಚೀಲ ಹೊದ್ದು ಬರುತ್ತಿದ್ದರು. ನಮ್ಮೂರಲ್ಲಿ ಮಳೆಯಲ್ಲಿ ಸೈಕಲ್ ತುಳಿಯುವವರು ಜಾಸ್ತಿ ಅವರಂಥವರೇ, ಈ ಪೊಂಚೊ 500 ರೂಪಾಯಿಗೆ ಸಿಗಬೇಕಿತ್ತು. ಒಂದು ತಿಂಗಳು ಬಿಟ್ಟು ಹೇಗಿದೆ ಅಂತ ಕೇಳಿದೆ. 'ಚೆನ್ನಾಗಿದೆ ಸರ್, ಸೆಕೆ ಆಗಲ್ಲ. ಆದರೆ ಟೋಪಿ ಹಾಕ್ಕೊಂಡ್ರೆ ಹಿಂದಿಂದ ಬರೋ ಗಾಡಿ ನೋಡೋಕಾಗಲ್ಲ, ಅದನ್ನ ಕತ್ತರಿಸಿಬಿಟ್ಟೆ' ಅಂದರು. ನೋಡಿದೆ, ಅಂಚು ಮಡಿಸಿ ನೀಟಾಗಿ ಹೊಲಿಸಿಕೊಂಡಿದ್ದರು. ಈ ವಾರ ನನ್ನದನ್ನೂ ಅವರ ಟೈಲರ್ ಹತ್ತಿರ ಕೊಡುತ್ತಿದ್ದೇನೆ.